ಕೋಳಿಯ ಎದೆಮಾಂಸವೂ ಉಷ್ಣಶಾಸ್ತ್ರವೂ

ಅಡಿಗೆಯ ಮನೆಯು ಭೌತವಿಜ್ಞಾನಿಗೆ ಸಲ್ಲದ ಸ್ಥಳವೆಂದು ಭಾವಿಸುವವರು ಇಂದಿಗೂ ಇದ್ದಾರೆ. ಆದರೆ ಆಕ್ಸ್‌ಫರ್ಡಿನ ನಿಕೊಲಾಸ್ ಕುರ್ತಿಯು ಹಾಗೆ ಭಾವಿಸಲಿಲ್ಲ. ೧೯೫೬ರಲ್ಲಿ ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ದಶಲಕ್ಷದಲ್ಲೊಂದು ಭಾಗದಷ್ಟು ಮಾತ್ರ ಮೇಲಿರುವ ಅತಿಶೈತ್ಯವನ್ನು ಸಾಧಿಸಿದ ಈ ವಿಜ್ಞಾನಿಯು, ೧೯೬೯ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅಡಿಗೆಯ ಮನೆಯಲ್ಲಿ ಭೌತವಿಜ್ಞಾನಿಗೇನು ಕೆಲಸವೆಂಬುದನ್ನು ಕುರಿತು ಉಪನ್ಯಾಸ ಮಾಡಿದನು. ನಾವೂ ಈ ತಿಂಗಳು ಆ ದಾರಿಯನ್ನೇ ಹಿಡಿದು, ಒಂದು ಸಾಮಾನ್ಯವಾದ ಅಡಿಗೆಯನ್ನು ಪರೀಕ್ಷಿಸೋಣ. ಕೋಳಿಯ ಎದೆಮಾಂಸವನ್ನು ಎಣ್ಣೆಯಲ್ಲಿ ಮುಳುಗಿಸಿ ಕರಿಯದೆ, ಹೊರಗೆ ಗರಿಗರಿಯಾಗಿಯೂ ಒಳಗೆ ಮೃದುವಾಗಿಯೂ ಇರುವಂತೆ ಬೇಯಿಸುವುದು ಹೇಗೆ? ಮಾಂಸವನ್ನು ಮುಟ್ಟದ ವಾಚಕರು ಬೇಸರಪಡಬೇಕಾಗಿಲ್ಲ. ಮುಂದೆ ಹೇಳುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬಾಳೆಕಾಯಿಯ ಹೋಳಿಗೂ ಆಲೂಗೆಡ್ಡೆಗೂ ಹಾಗೆಯೇ ಅನ್ವಯಿಸುವುದು.

ಪ್ರಶ್ನೆಯ ತೊಡಕು ಎಲ್ಲಿದೆಯೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಮಾಂಸದ ಹೊರಮೈ ಕೆಂಪಗೆ ಹುರಿದು ಗರಿಗರಿಯಾಗಬೇಕಾದರೆ ಅಲ್ಲಿಯ ಉಷ್ಣತೆಯು ೧೪೦ ಡಿಗ್ರಿ ಸೆಂಟಿಗ್ರೇಡನ್ನು ಮೀರಬೇಕು. ಒಳಭಾಗವಾದರೋ ೭೪ ಡಿಗ್ರಿಯನ್ನು ಮುಟ್ಟಲೇಬೇಕು, ಆದರೆ ಅದನ್ನು ಬಹಳವಾಗಿ ದಾಟಬಾರದು. ಈ ಎರಡು ಉಷ್ಣತೆಗಳ ನಡುವಣ ಅಂತರವು ಕೆಲವೇ ಮಿಲಿಮೀಟರುಗಳೊಳಗೆ ಅಡಗಬೇಕು. ಎದೆಮಾಂಸವನ್ನು ಬೇಯಿಸುವವರಲ್ಲಿ ಒಬ್ಬರು ಹಸಿಯಾಗಿ ಉಳಿದೀತೆಂಬ ಭಯದಿಂದ ಅದನ್ನು ನಾರಿನ ಹಗ್ಗದಂತೆ ಒಣಗಿಸುತ್ತಾರೆ. ಇನ್ನೊಬ್ಬರು ಹೊರಗಿನ ಬಣ್ಣವನ್ನು ನಂಬಿ ಒಳಗೆ ಹಸಿಯಾಗಿಯೇ ಬಡಿಸುತ್ತಾರೆ. ಮೊದಲನೆಯದು ರುಚಿಗೆ ನಷ್ಟ. ಎರಡನೆಯದು ಆರೋಗ್ಯಕ್ಕೆ ಅಪಾಯ.

ಕಾದ ಎಣ್ಣೆಯು ಈ ಕೆಲಸವನ್ನು ಹೇಗೆ ಸುಲಭಗೊಳಿಸುವುದು? ೧೮೦ ಡಿಗ್ರಿಯಷ್ಟು ಕಾದ ಎಣ್ಣೆಯು ಮಾಂಸದ ಪ್ರತಿಯೊಂದು ಓರೆಕೋರೆಗೂ ಅಂಟಿಕೊಂಡು, ಎಲ್ಲ ಕಡೆಯಿಂದಲೂ ಒಮ್ಮೆಗೇ ಶಾಖವನ್ನು ಒದಗಿಸುವುದು. ಹೊರಪದರದ ನೀರು ಉಗಿಯಾಗಿ ಗುಳ್ಳೆಗುಳ್ಳೆಯಾಗಿ ಹೊರಬೀಳುವುದು. ಉಗಿಯು ಹೊರನುಗ್ಗುತ್ತಿರುವವರೆಗೆ ಎಣ್ಣೆಗೆ ಒಳಹೋಗಲು ಅಷ್ಟಾಗಿ ದಾರಿಯಿಲ್ಲ. ತುಂಡನ್ನು ಎಣ್ಣೆಯಿಂದ ಎತ್ತಿದೊಡನೆ ಹೊರಪದರದ ರಂಧ್ರಗಳಲ್ಲಿದ್ದ ಉಗಿಯು ತಣಿದು ನೀರಾಗಿ ಅಲ್ಲಿ ಒತ್ತಡವು ತಗ್ಗುವುದು. ಮೈಗೆ ಮೆತ್ತಿಕೊಂಡಿದ್ದ ಎಣ್ಣೆಯು ಆಗ ಒಳಕ್ಕೆ ಸೆಳೆಯಲ್ಪಡುವುದು. ಕರಿದ ಪದಾರ್ಥವು ಎಣ್ಣೆಯನ್ನು ಬಹುಮಟ್ಟಿಗೆ ಕುಡಿಯುವುದು ಬಾಣಲೆಯಲ್ಲಲ್ಲ, ತಟ್ಟೆಯಲ್ಲಿ! ಎಣ್ಣೆಯು ಇಲ್ಲಿ ಮುಖ್ಯವಾಗಿ ಶಾಖವನ್ನು ಹೊತ್ತು ತರುವ ಆಳು. ಆ ಆಳಿಲ್ಲದೆ, ಅಥವಾ ಒಂದೆರಡು ಚಮಚದಷ್ಟು ಆಳಿನಿಂದ, ಅದೇ ಕೆಲಸವನ್ನು ಮಾಡಿಸಬೇಕೆಂಬುದು ನಮ್ಮ ಉದ್ದೇಶ.

ಎದೆಮಾಂಸದ ರಚನೆಯನ್ನು ಸ್ವಲ್ಪ ನೋಡೋಣ. ಸಾಕಿದ ಕೋಳಿಯು ದಿನವೆಲ್ಲ ನಡೆಯುವುದು, ಹಾರುವುದು ಅಪರೂಪ. ಆದುದರಿಂದ ಕಾಲಿನ ಸ್ನಾಯುಗಳು ಕೆಂಪುಬಣ್ಣದವಾಗಿ ಗಟ್ಟಿಯಾದ ಸಂಯೋಜಕ ತಂತುಗಳಿಂದ ಕೂಡಿವೆ; ರೆಕ್ಕೆಯನ್ನು ಬಡಿಯುವ ಎದೆಯ ಸ್ನಾಯುವಾದರೋ ಬೆಳ್ಳಗೆ, ಸಣ್ಣ ಎಳೆಗಳಿಂದ ಕೂಡಿ, ಕೊಬ್ಬು ಬಹಳ ಕಡಿಮೆಯಾಗಿರುವುದು. ಅದರ ತೂಕದಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ನೀರೇ. ಕಾಲಿನ ಮಾಂಸವನ್ನು ಸಾರಿನಲ್ಲಿ ದೀರ್ಘಕಾಲ ಕುದಿಸಿದರೆ ಅದರ ಕೊಲ್ಲಾಜೆನ್ ಎಂಬ ಪ್ರೋಟೀನು ಕರಗಿ ಮಾಂಸವು ಮೆತ್ತಗಾಗುವುದು. ಎದೆಯಲ್ಲಿ ಕರಗಬೇಕಾದ ಕೊಲ್ಲಾಜೆನ್ನೇ ಹೆಚ್ಚಾಗಿಲ್ಲ. ಹೆಚ್ಚು ಹೊತ್ತು ಬೇಯಿಸಿದಷ್ಟೂ ಅಲ್ಲಿ ನಷ್ಟವೇ. ಉಷ್ಣತೆಯು ೫೦ ಡಿಗ್ರಿಯನ್ನು ಸಮೀಪಿಸಿದಾಗ ಮಯೋಸಿನ್ ಎಂಬ ಪ್ರೋಟೀನಿನ ಸುರುಳಿಗಳು ಬಿಚ್ಚಿಕೊಂಡು ಹೆಪ್ಪುಗಟ್ಟತೊಡಗುವುವು. ೬೫ ಡಿಗ್ರಿಯನ್ನು ದಾಟಿದ ಮೇಲೆ ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಸರದಿ ಬರುವುದು. ಆಗ ಎಳೆಗಳು ಕುಗ್ಗಿ, ಒದ್ದೆ ಬಟ್ಟೆಯನ್ನು ಹಿಂಡಿದಂತೆ, ತಮ್ಮೊಳಗಿನ ನೀರನ್ನು ಹೊರದೂಡುವುವು. ೭೪ರಲ್ಲಿ ರಸವತ್ತಾಗಿರುವ ಮಾಂಸವು ೮೫ರಲ್ಲಿ ಬೆಂಡಿನಂತಾಗುವುದು ಇದರಿಂದಲೇ.

ಇನ್ನು ದಪ್ಪದ ವಿಚಾರ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಉಷ್ಣವು ಘನವಸ್ತುವಿನೊಳಗೆ ಹರಡಲು ಬೇಕಾದ ಕಾಲವು ದಪ್ಪದ ಪ್ರಮಾಣದಲ್ಲಿ ಬೆಳೆಯುವುದಿಲ್ಲ, ದಪ್ಪದ ವರ್ಗದ ಪ್ರಮಾಣದಲ್ಲಿ ಬೆಳೆಯುವುದು. ಮಾಂಸದಲ್ಲಿ ಉಷ್ಣಪ್ರಸರಣದ ಗುಣಾಂಕವು ಸೆಕೆಂಡಿಗೆ ಸುಮಾರು ೦.೦೦೧೩ ಚದರ ಸೆಂಟಿಮೀಟರು. ೩ ಸೆಂಟಿಮೀಟರು ದಪ್ಪದ ತುಂಡಿಗೆ ಎರಡು ಕಡೆಯಿಂದಲೂ ಶಾಖ ತಗಲುವುದಾದರೆ, ನಡುವನ್ನು ತಲಪಲು ಅದು ೧.೫ ಸೆಂಟಿಮೀಟರು ಸಾಗಬೇಕು. ೧.೫ರ ವರ್ಗವನ್ನು ಮೇಲಿನ ಗುಣಾಂಕದಿಂದ ಭಾಗಿಸಿದರೆ ಸುಮಾರು ೧,೭೦೦ ಸೆಕೆಂಡು, ಎಂದರೆ ಅರ್ಧ ಗಂಟೆಗೆ ಹತ್ತಿರ. ದಪ್ಪವನ್ನು ೧.೫ ಸೆಂಟಿಮೀಟರಿಗೆ ಇಳಿಸಿದರೆ ಅದೇ ಲೆಕ್ಕವು ಏಳು ನಿಮಿಷಕ್ಕೆ ಇಳಿಯುವುದು! ಇದು ಅಂದಾಜಿನ ಲೆಕ್ಕವೇ ಹೊರತು ಗಡಿಯಾರವಲ್ಲ. ಆದರೆ ನಾಲ್ಕರ ಅನುಪಾತವು ನಿಜವಾದುದು. ಅಂಗಡಿಯಿಂದ ತಂದ ಎದೆಮಾಂಸವು ಒಂದು ತುದಿಯಲ್ಲಿ ಮೂರು ಸೆಂಟಿಮೀಟರಿದ್ದು ಇನ್ನೊಂದು ತುದಿಯಲ್ಲಿ ಒಂದೇ ಸೆಂಟಿಮೀಟರಿರುವುದುಂಟು. ತೆಳುವಾದ ತುದಿಯು ಒಂಬತ್ತು ಪಟ್ಟು ಬೇಗನೆ ಬೇಯುವುದು. ಹೀಗಿರುವಾಗ ಎರಡೂ ತುದಿಗಳು ಏಕಕಾಲದಲ್ಲಿ ಹದವಾಗಬೇಕೆಂದು ಬಯಸುವುದು ಹೇಗೆ? ದಪ್ಪನೆಯ ಭಾಗವನ್ನು ಅಡ್ಡಲಾಗಿ ಸೀಳಿ ಎರಡು ಹೋಳು ಮಾಡಬೇಕು. ಅನಂತರ ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಲಟ್ಟಣಿಗೆಯಿಂದ ಮೆಲ್ಲಗೆ ತಟ್ಟಿ ಎಲ್ಲೆಡೆಯೂ ಒಂದೂವರೆ ಸೆಂಟಿಮೀಟರಿಗೆ ಸಮಮಾಡಬೇಕು. ಮಸಾಲೆಯ ಆಯ್ಕೆಗಿಂತ ಈ ಒಂದು ಕೆಲಸ ಹೆಚ್ಚು ಫಲಕಾರಿಯೆಂಬುದು ನಮ್ಮ ಅಭಿಪ್ರಾಯ.

ಮುಂದಿನದು ಉಪ್ಪು. ಒಂದು ಲೀಟರು ನೀರಿಗೆ ೫೦ ಗ್ರಾಂ ಉಪ್ಪನ್ನು ಕರಗಿಸಿ, ತಟ್ಟಿದ ಹೋಳುಗಳನ್ನು ಅರ್ಧ ಗಂಟೆ ಮುಳುಗಿಸಿಡಬೇಕು. ಪರಾಸರಣದ ಪಾಠವನ್ನು ಓದಿರುವ ವಿದ್ಯಾರ್ಥಿಯು ಇಲ್ಲಿ ತಡೆದು ಕೇಳಬೇಕು: ಹೊರಗೆ ಉಪ್ಪುನೀರಿದ್ದರೆ ಮಾಂಸದೊಳಗಿನ ನೀರು ಹೊರಬರಬೇಕಲ್ಲವೆ? ಉಪ್ಪಿನಕಾಯಿಯ ಮಾವಿನಲ್ಲಿ ಆಗುವುದು ಅದೇ ತಾನೆ? ಪ್ರಶ್ನೆ ಸರಿಯಾದುದೇ. ಆದರೆ ತೂಗಿ ನೋಡಿದರೆ ಮಾಂಸದ ತೂಕವು ಹೆಚ್ಚಿರುವುದು. ಉಪ್ಪಿನ ಕ್ಲೋರೈಡು ಅಯಾನುಗಳು ಪ್ರೋಟೀನಿನ ಎಳೆಗಳಿಗೆ ಅಂಟಿಕೊಂಡು ಅವುಗಳ ಋಣವಿದ್ಯುದಂಶವನ್ನು ಹೆಚ್ಚಿಸುವುವು, ಎಳೆಗಳು ಒಂದನ್ನೊಂದು ದೂಡಿ ಅಗಲುವುವು, ಆ ಎಡೆಯಲ್ಲಿ ನೀರು ನೆಲೆಸುವುದು ಎಂಬುದು ಬಹುಕಾಲದಿಂದ ಬಂದ ವಿವರಣೆ. ೧೯೮೩ರಲ್ಲಿ ಆಫರ್ ಮತ್ತು ಟ್ರಿನಿಕ್ ಎಂಬ ಸಂಶೋಧಕರು ಸ್ನಾಯುವಿನ ಸೂಕ್ಷ್ಮತಂತುಗಳು ಉಪ್ಪಿನ ದ್ರಾವಣದಲ್ಲಿ ಹೀಗೆ ಉಬ್ಬುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದರು. ಉಬ್ಬಿದ ಎಳೆಗಳು ಬೆಂದಾಗಲೂ ಕಡಿಮೆ ನೀರನ್ನು ಕಳೆದುಕೊಳ್ಳುವುವು. ನಮ್ಮ ಮನೆಗಳಲ್ಲಿ ಮೊಸರಿನಲ್ಲಿ ನೆನೆಸುವ ರೂಢಿಯೂ ಒಳ್ಳೆಯದೇ. ಆದರೆ ಮೊಸರಿನ ಹುಳಿಯು ಒಳಕ್ಕೆ ಬಹಳ ನಿಧಾನವಾಗಿ ಇಳಿಯುವುದು, ಮತ್ತು ರಾತ್ರಿಯಿಡೀ ಇಟ್ಟರೆ ತೆಳುಹೋಳಿನ ಹೊರಮೈ ಹಿಟ್ಟುಹಿಟ್ಟಾಗಬಹುದು.

ಉಪ್ಪುನೀರಿನಿಂದ ತೆಗೆದ ಹೋಳನ್ನು ಒರೆಸಿ ಒಣಗಿಸಬೇಕು. ಇದನ್ನು ಎಲ್ಲ ಅಡಿಗೆಯ ಪುಸ್ತಕಗಳೂ ಹೇಳುವುವು, ಕಾರಣವನ್ನು ಮಾತ್ರ ಹೇಳುವುದಿಲ್ಲ. ಲೆಕ್ಕಮಾಡೋಣ. ೨೦೦ ಗ್ರಾಂ ಮಾಂಸವನ್ನು ೨೫ ಡಿಗ್ರಿಯಿಂದ ೭೪ ಡಿಗ್ರಿಗೆ ಏರಿಸಲು, ವಿಶಿಷ್ಟೋಷ್ಣವನ್ನು ೦.೮೫ ಎಂದು ಹಿಡಿದರೆ, ಸುಮಾರು ೮,೩೦೦ ಕ್ಯಾಲೊರಿ ಬೇಕು. ಹೋಳಿನ ಮೇಲೆ ೧೦ ಗ್ರಾಂ ನೀರು, ಎಂದರೆ ಎರಡು ಟೀಚಮಚದಷ್ಟು, ಉಳಿದಿದೆಯೆನ್ನೋಣ. ಅದನ್ನು ೧೦೦ ಡಿಗ್ರಿಗೆ ಕಾಯಿಸಲು ಗ್ರಾಮಿಗೆ ೭೫ ಕ್ಯಾಲೊರಿ, ಅನಂತರ ಉಗಿಯಾಗಿಸಲು ಗುಪ್ತೋಷ್ಣ ೫೪೦ ಕ್ಯಾಲೊರಿ. ಒಟ್ಟು ೬,೧೫೦ ಕ್ಯಾಲೊರಿ. ಎರಡು ಚಮಚ ನೀರನ್ನು ಓಡಿಸುವ ಖರ್ಚು, ಇಡೀ ಹೋಳನ್ನು ಬೇಯಿಸುವ ಖರ್ಚಿನ ಮುಕ್ಕಾಲು ಪಾಲು! ಮೇಲೆ ನೀರಿರುವವರೆಗೆ ಹೊರಮೈಯ ಉಷ್ಣತೆಯು ಕುದಿಬಿಂದುವನ್ನು ದಾಟಲಾರದು. ಬೆಂಗಳೂರಿನ ಎತ್ತರದಲ್ಲಿ ಅದು ಸುಮಾರು ೯೭ ಡಿಗ್ರಿ ಮಾತ್ರ. ಹೊರಗೆ ಬಣ್ಣ ಬರುವ ಮೊದಲೇ ಒಳಗೆ ಬೆಂದು ಒಣಗಿಹೋಗುವುದಕ್ಕೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಆ ಬಣ್ಣವೂ ಪರಿಮಳವೂ ಎಲ್ಲಿಂದ ಬರುವುವು? ೧೯೧೨ರಲ್ಲಿ ಲೂಯಿ ಕಮೀಯ್ ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿಯು, ಸಕ್ಕರೆಗಳೂ ಅಮೈನೊ ಆಮ್ಲಗಳೂ ಶಾಖದಲ್ಲಿ ಕೂಡಿ ಕಂದುಬಣ್ಣದ ಪದಾರ್ಥಗಳಾಗುವುದನ್ನು ಪ್ರಕಟಿಸಿದನು. ಈ ಕ್ರಿಯೆಯು ೧೪೦ ಡಿಗ್ರಿಯ ಆಸುಪಾಸಿನಲ್ಲಿ ಚುರುಕಾಗುವುದು. ಇಲ್ಲಿ ಒಂದು ತಪ್ಪುನಂಬಿಕೆಯನ್ನು ತೊಡೆದುಹಾಕಬೇಕು. ಹೊರಮೈಯನ್ನು ಮೊದಲು ಚೆನ್ನಾಗಿ ಹುರಿದರೆ ಒಳಗಿನ ರಸಕ್ಕೆ ಬೀಗಮುದ್ರೆ ಬೀಳುವುದೆಂಬ ಮಾತು ೧೮೪೭ರಲ್ಲಿ ಹೆಸರಾಂತ ರಸಾಯನಶಾಸ್ತ್ರಜ್ಞ ಲೀಬಿಗ್ ಬರೆದುದರಿಂದ ಹಬ್ಬಿತು. ಅದು ನಿಜವಲ್ಲ. ಚೆನ್ನಾಗಿ ಹುರಿದ ತುಂಡೂ ಕಾವಲಿಯ ಮೇಲೆ ಚುಂಯ್ ಎನ್ನುತ್ತಲೇ ಇರುವುದು. ಆ ಸದ್ದೇ ನೀರು ಹೊರಬೀಳುತ್ತಿರುವುದಕ್ಕೆ ಸಾಕ್ಷಿ. ಹುರಿಯುವುದು ರುಚಿಗಾಗಿ, ರಸವನ್ನು ತಡೆಯುವುದಕ್ಕಾಗಿ ಅಲ್ಲ.

ಈಗ ಹೊರಪದರವನ್ನು ಕಟ್ಟೋಣ. ನಮ್ಮ ಕರಾವಳಿಯವರು ಬಂಗುಡೆಯನ್ನೂ ಅಂಜಲನ್ನೂ ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಕೊಂಚ ಎಣ್ಣೆಯಲ್ಲಿ ಕಾಯಿಸುವುದನ್ನು ಎಲ್ಲರೂ ಬಲ್ಲರು. ಅದೇ ವಿಧಾನವು ಇಲ್ಲಿಯೂ ಸಲ್ಲುವುದು. ಒಣಗಿದ ಹೋಳಿಗೆ ಮೊದಲು ಅಕ್ಕಿಹಿಟ್ಟನ್ನು ತೆಳುವಾಗಿ ಸವರಿ, ಖಾರದ ಪುಡಿ ಬೆರೆಸಿ ಕಲಕಿದ ಮೊಟ್ಟೆಯಲ್ಲಿ ಅದ್ದಿ, ಸಣ್ಣ ರವೆಯಲ್ಲಿ ಹೊರಳಿಸಬೇಕು. ಹಿಟ್ಟು ಉಳಿದ ತೇವವನ್ನು ಹೀರುವುದು. ಮೊಟ್ಟೆಯು ಬೆಂದು ಅಂಟಾಗುವುದು. ರವೆಯ ಕಾಳು ಕಾಳಾದ ಮೈಯು ಬೇಗ ಒಣಗುವುದು. ಬೀಡಿನ ಕಾವಲಿಯನ್ನು ಕಾಯಿಸಿ ದೋಸೆಗೆ ಮಾಡುವಂತೆ ನೀರು ಚಿಮುಕಿಸಿ ನೋಡಿರಿ. ಹನಿಯು ಚುಂಯ್ ಎಂದು ಒಡನೆಯೇ ಇಲ್ಲವಾದರೆ ಹದ ಸರಿ. ಹನಿಯು ಆರದೆ ಮುತ್ತಿನಂತೆ ದುಂಡಗಾಗಿ ಓಡಾಡಿದರೆ ಕಾವಲಿಯು ೨೦೦ ಡಿಗ್ರಿಯ ಸುತ್ತಮುತ್ತ ಇದೆಯೆಂದು ತಿಳಿದು ಉರಿಯನ್ನು ತಗ್ಗಿಸಬೇಕು. ಹನಿಯ ತಳದಲ್ಲಿ ಉಗಿಯ ಹಾಸಿಗೆಯು ಹುಟ್ಟಿ ಅದನ್ನು ಎತ್ತಿಹಿಡಿಯುವ ಈ ಸೋಜಿಗವನ್ನು ೧೭೫೬ರಲ್ಲಿ ಜರ್ಮನಿಯ ಲೈಡೆನ್‌ಫ್ರಾಸ್ಟ್ ಎಂಬ ವೈದ್ಯನು ವರ್ಣಿಸಿದ್ದಾನೆ. (ಅಂಟದ ಲೇಪವಿರುವ ಪಾತ್ರೆಯನ್ನು ಖಾಲಿಯಾಗಿ ಇಷ್ಟು ಕಾಯಿಸುವುದು ಬೇಡ.) ಎರಡು ಚಮಚ ಎಣ್ಣೆ ಸಾಕು, ಆದರೆ ಅಷ್ಟು ಬೇಕೇ ಬೇಕು. ಕಬ್ಬಿಣಕ್ಕೂ ರವೆಗೂ ನಡುವೆ ಇರುವ ಸಂದುಗಳಲ್ಲಿ ಗಾಳಿಯಿದ್ದರೆ ಅದು ಶಾಖವನ್ನು ತಡೆಯುವುದು. ಎಣ್ಣೆಯು ಗಾಳಿಗಿಂತ ಆರೇಳು ಪಟ್ಟು ಉತ್ತಮವಾದ ವಾಹಕ. ಒಂದೊಂದು ಮಗ್ಗುಲಿಗೆ ಮೂರು ನಾಲ್ಕು ನಿಮಿಷದಂತೆ ಬೇಯಿಸಬೇಕು. ಮುಚ್ಚಳವನ್ನು ಮುಚ್ಚಲೇಬಾರದು, ಮುಚ್ಚಿದರೆ ಓಡಿಸಿದ ಉಗಿಯನ್ನೇ ಮತ್ತೆ ಕರೆದಂತಾಗುವುದು.

ಒಲೆಪೆಟ್ಟಿಗೆಯಿರುವ ಮನೆಯಲ್ಲಿ ತೊಡಕು ಬೇರೆ. ೨೦೦ ಡಿಗ್ರಿಯ ಗಾಳಿಯೊಳಗೆ ನಾವು ಕ್ಷಣಕಾಲ ಕೈಯಿಡಬಲ್ಲೆವು, ಅದೇ ಪೆಟ್ಟಿಗೆಯ ಕಂಬಿಯನ್ನು ಮುಟ್ಟಲಾರೆವು. ಗಾಳಿಯು ಅಷ್ಟು ದುರ್ಬಲವಾದ ವಾಹಕ. ಹೊರಪದರವು ಕೆಂಪಾಗುವ ಹೊತ್ತಿಗೆ ಒಳಗಿನ ಮಾಂಸವು ಹದವನ್ನು ಮೀರಿರುವುದು. ಒಂದೇ ಕಾಲದಲ್ಲಿ ಆಗದ ಎರಡು ಕೆಲಸಗಳನ್ನು ಎರಡು ಕಾಲದಲ್ಲಿ ಮಾಡುವುದೇ ಇದಕ್ಕೆ ಉಪಾಯ. ಒಣ ಬ್ರೆಡ್ಡಿನ ಪುಡಿಯನ್ನು, ಉಪ್ಪಿಟ್ಟಿಗೆ ರವೆಯನ್ನು ಹುರಿಯುವಂತೆ, ಒಂದು ಚಮಚ ಎಣ್ಣೆಯೊಡನೆ ಬಾಣಲೆಯಲ್ಲಿ ಹೊಂಬಣ್ಣಕ್ಕೆ ಮೊದಲೇ ಹುರಿದಿಟ್ಟುಕೊಳ್ಳಬೇಕು. ರವೆಯ ಬದಲು ಅದರಲ್ಲಿ ಹೋಳನ್ನು ಹೊರಳಿಸಿ, ಕಂಬಿಯ ಜಾಲರಿಯ ಮೇಲಿಟ್ಟು, ಮೊದಲೇ ೨೨೦ ಡಿಗ್ರಿಗೆ ಕಾಯಿಸಿದ ಪೆಟ್ಟಿಗೆಯಲ್ಲಿ ಸುಮಾರು ಹದಿನೈದು ನಿಮಿಷ ಇಡಬೇಕು. ಕೆಂಪಾಗುವ ಕೆಲಸ ಆಗಲೇ ಮುಗಿದಿದೆ. ಒಳಗು ಬೇಯುವುದಷ್ಟೇ ಉಳಿದಿರುವುದು. ೨೦೧೦ರಿಂದೀಚೆಗೆ ಮಾರುಕಟ್ಟೆಗೆ ಬಂದ ಏರ್ ಫ್ರೈಯರ್ ಎಂಬ ಯಂತ್ರವು ಇದೇ ಪೆಟ್ಟಿಗೆಯ ಚಿಕ್ಕ ರೂಪ. ಅದರ ಬೀಸಣಿಗೆಯು ಹೋಳಿನ ಸುತ್ತ ನಿಂತ ತೇವದ ಗಾಳಿಯನ್ನು ಗುಡಿಸಿಹಾಕಿ ಉಷ್ಣಸಂವಹನವನ್ನು ಹೆಚ್ಚಿಸುವುದು. ಹೆಸರಿನಲ್ಲಿ ಕರಿಯುವ ಮಾತಿದ್ದರೂ ಅಲ್ಲಿ ಕರಿಯುವುದೇನೂ ನಡೆಯುವುದಿಲ್ಲ.

ಬೆಂದಿತೆಂದು ತಿಳಿಯುವುದು ಹೇಗೆ? ಬಣ್ಣವನ್ನು ನಂಬುವಂತಿಲ್ಲ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲ, ಕ್ಯಾಂಪೈಲೊಬ್ಯಾಕ್ಟರ್ ಮೊದಲಾದ ರೋಗಾಣುಗಳು ಇರಬಹುದು. ಒಳಭಾಗವು ೭೪ ಡಿಗ್ರಿಯನ್ನು ಮುಟ್ಟಿದರೆ ಅವು ಕೆಲವೇ ಸೆಕೆಂಡುಗಳಲ್ಲಿ ನಾಶವಾಗುವುವು. ಮೊನೆಯುಳ್ಳ ಅಡಿಗೆಯ ಉಷ್ಣಮಾಪಕವನ್ನು ಅತ್ಯಂತ ದಪ್ಪನಾದ ಜಾಗದ ನಡುವಿಗೆ ಪಕ್ಕದಿಂದ ಚುಚ್ಚಿ ನೋಡಬೇಕು. ಪ್ರಯೋಗಶಾಲೆಯ ಪಾದರಸದ ಮಾಪಕವನ್ನು ಈ ಕೆಲಸಕ್ಕೆ ಎಂದಿಗೂ ತರಕೂಡದು. ಅದು ಒಡೆದರೆ ಊಟವೆಲ್ಲ ವಿಷವೇ. ಹಸಿ ಮಾಂಸವನ್ನು ಕೊಳಾಯಿಯ ಕೆಳಗೆ ಹಿಡಿದು ತೊಳೆಯುವ ಪದ್ಧತಿಯನ್ನೂ ಬಿಡುವುದು ಲೇಸು, ಏಕೆಂದರೆ ರೋಗಾಣುಗಳು ಅದರಿಂದ ಸಾಯುವುದಿಲ್ಲ, ಸಿಡಿದ ಹನಿಗಳೊಡನೆ ಸುತ್ತಲಿನ ಪಾತ್ರೆಗಳಿಗೆ ಹರಡುವುವು. ಹಸಿ ಮಾಂಸವನ್ನು ಮುಟ್ಟಿದ ಹಲಗೆ, ಚಾಕು, ಕೈಗಳನ್ನು ಸೋಪಿನಿಂದ ತೊಳೆದ ಮೇಲೆಯೇ ಬೇರೆ ಪದಾರ್ಥವನ್ನು ಮುಟ್ಟಬೇಕು.

ಒಲೆಯಿಂದ ಇಳಿಸಿದ ಹೋಳನ್ನು ಚಪ್ಪಟೆಯಾದ ತಟ್ಟೆಯಲ್ಲಿ ಇಡುವುದು ಸಾಮಾನ್ಯ. ಐದು ನಿಮಿಷದಲ್ಲಿ ತಳವು ಮೆತ್ತಗಾಗಿರುವುದು. ಗರಿಗರಿತನವೆಂದರೆ ಒಣಗಿದ ಪಿಷ್ಟವು ಗಾಜಿನಂತೆ ಪೆಡಸಾಗಿರುವ ಸ್ಥಿತಿ; ಸ್ವಲ್ಪ ನೀರನ್ನು ಹೀರಿದರೂ ಅದು ರಬ್ಬರಿನಂತೆ ಬಾಗತೊಡಗುವುದು. ಮಳೆಗಾಲದಲ್ಲಿ ಕರಿದ ಹಪ್ಪಳವು ಪಡುವ ಪಾಡು ಇದೇ. ಬಿಸಿಹೋಳಿನಿಂದ ಇಳಿಯುವ ಉಗಿಗೆ ತಟ್ಟೆಯಲ್ಲಿ ದಾರಿಯಿಲ್ಲದೆ ಅದು ತಳದಲ್ಲಿಯೇ ನೀರಾಗುವುದು. ಆದುದರಿಂದ ಜಾಲರಿಯ ಮೇಲೆ ಮೂರು ನಿಮಿಷ ಬಿಟ್ಟು, ಸ್ನಾಯುವಿನ ಎಳೆಗಳು ಯಾವ ದಿಕ್ಕಿಗೆ ಹರಿದಿವೆಯೆಂದು ಮೊದಲೇ ನೋಡಿಟ್ಟುಕೊಂಡು, ಅವುಗಳಿಗೆ ಅಡ್ಡಲಾಗಿ ಚಾಕುವಿನಿಂದ ಕತ್ತರಿಸಬೇಕು. ಉದ್ದನೆಯ ಎಳೆಗಳು ಹೀಗೆ ತುಂಡುತುಂಡಾಗುವುದರಿಂದ ಹಲ್ಲಿನ ಕೆಲಸವು ಅಷ್ಟುಮಟ್ಟಿಗೆ ಹಗುರವಾಗುವುದು. ನಿಂಬೆಯ ರಸವನ್ನು ಹಿಂಡುವವರು ತುತ್ತನ್ನು ಬಾಯಿಗಿಡುವ ಕ್ಷಣದಲ್ಲಿ ಹಿಂಡಿಕೊಳ್ಳಲಿ, ಅದಕ್ಕಿಂತ ಮೊದಲು ಬೇಡ.