ಓಟು ಕೇಳಲು ಬಂದವರಿಗೆ ಸೊಪ್ಪಿನ ಮಡಿಯ ಪ್ರಶ್ನೆ

ಬಳ್ಳಾರಿ ಪಾಲಿಕೆಯ ಮುಂದಿನ ಚುನಾವಣೆಗೆ ಟಿಕೆಟ್ ಆಕಾಂಕ್ಷಿಗಳು ಈಗಲೇ ಓಣಿ ಸುತ್ತತೊಡಗಿದ್ದಾರೆ. ಹಾಗಾಗಿ ಈ ಸಲ ತೋಟದ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೇನು, ಬೂದಿರೋಗಗಳ ಮಾತು ಕಡಿಮೆ, ಎಲೆಕ್ಷನ್ ಮಾತೇ ಹೆಚ್ಚು. ಬೂದಿರೋಗದವರು ಮುಂದಿನ ಸಂಚಿಕೆಯವರೆಗೆ ತಾಳಿಕೊಳ್ಳಬೇಕು.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗದಲ್ಲಿ ಜಾಲಿ ಬೆಳೆದು ಹಂದಿಗಳ ಬೀಡಾಗಿದೆ. ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಅಲ್ಲಿ ಸೊಪ್ಪು, ತರಕಾರಿ ಬೆಳೆಯೋಣವೆಂದು ಮಾತಾಡಿಕೊಂಡಿದ್ದೇವೆ. ಮನೆಗೆ ಬಂದ ಮೂವರು ಆಕಾಂಕ್ಷಿಗಳನ್ನೂ ಕೇಳಿದೆ. ಒಬ್ಬರು, "ಗೆದ್ದ ತಿಂಗಳೊಳಗೆ ಮಾಡಿಸ್ತೀನಿ, ಇಡೀ ವಾರ್ಡಿಗೆ ತರಕಾರಿ ಸಿಗಬೇಕು, ಹಂಗ್ ಮಾಡ್ತೀನಿ" ಎಂದರು. ಇನ್ನೊಬ್ಬರು, "ಅದು ತೋಟಗಾರಿಕೆ ಇಲಾಖೇದು, ನಮಗೆ ಬರಲ್ಲಮ್ಮ" ಎಂದರು. ಮೂರನೆಯವರು, "ಮೊದ್ಲು ಕುಡಿಯೋ ನೀರು ಬರ್ಲಿ ಬಿಡ್ರಿ" ಎಂದು ನಕ್ಕರು. ಯಾರನ್ನು ನಂಬೋಣ?
— ಗೃಹಿಣಿ, ಕಪ್ಪಗಲ್ಲು ರಸ್ತೆ, ಬಳ್ಳಾರಿ

ಉತ್ತರ: ನಕ್ಕವರ ಮಾತಿನಲ್ಲೇ ಹೆಚ್ಚು ಸತ್ಯವಿದೆ. ಅವರನ್ನು ಕೊನೆಗೆ ನೋಡೋಣ.

ಎರಡನೆಯವರು ಜಾರಿಕೊಂಡಿದ್ದಾರೆ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಕೊಡಬಹುದಾದ 18 ವಿಷಯಗಳ ಪಟ್ಟಿಯಿದೆ. ಪಾರ್ಕು, ತೋಟ, ಆಟದ ಮೈದಾನ ಆ ಪಟ್ಟಿಯಲ್ಲಿವೆ. ಬಡಾವಣೆಯ ಪಾರ್ಕು ಪಾಲಿಕೆಯದೇ ಜವಾಬ್ದಾರಿ. ಆದರೆ ಒಂದು ಷರತ್ತು: ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರದಿಂದ (ಬುಡಾ) ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗಿರಬೇಕು. ಆಗದಿದ್ದರೆ ಇವರು ಅವರ ಕಡೆ, ಅವರು ಇವರ ಕಡೆ ಬೆರಳು ತೋರಿಸುತ್ತಾರೆ, ಜಾಲಿ ನೆಮ್ಮದಿಯಾಗಿ ಬೆಳೆಯುತ್ತದೆ. ನೀವು ಕೇಳಬೇಕಾದ ಮೊದಲ ಪ್ರಶ್ನೆ ತೋಟದ್ದಲ್ಲ. "ನಮ್ಮ ಬಡಾವಣೆ ಹಸ್ತಾಂತರ ಆಗಿದೆಯಾ, ಯಾವ ತಾರೀಖು?" ಎಂದು ಕೇಳಿ. ಇದಕ್ಕೆ ಉತ್ತರ ಗೊತ್ತಿರುವ ಆಕಾಂಕ್ಷಿ ವಾರ್ಡನ್ನು ಓದಿಕೊಂಡು ಬಂದಿದ್ದಾನೆ ಎಂದರ್ಥ.

ಮೊದಲನೆಯವರ ಭರವಸೆಯನ್ನು ಲೆಕ್ಕ ಹಾಕಿ ನೋಡಿ. 2011ರ ಜನಗಣತಿಯಂತೆ ನಗರದ ಜನಸಂಖ್ಯೆ 4 ಲಕ್ಷ ದಾಟಿತ್ತು, ವಾರ್ಡುಗಳು 39. ಸರಾಸರಿ ವಾರ್ಡಿಗೆ ಹತ್ತು ಸಾವಿರ ಜನ. ಒಬ್ಬ ವಯಸ್ಕನ ತಟ್ಟೆಗೆ ದಿನಕ್ಕೆ 400 ಗ್ರಾಂ ತರಕಾರಿ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಅಂದರೆ ವಾರ್ಡಿಗೆ ದಿನಕ್ಕೆ ನಾಲ್ಕು ಟನ್. ಒಂದು ಗುಂಟೆ ಸೊಪ್ಪಿನ ಮಡಿಯನ್ನು ಮುತುವರ್ಜಿಯಿಂದ ನೋಡಿಕೊಂಡರೂ ತಿಂಗಳಿಗೆ ಒಂದು ಕ್ವಿಂಟಲ್ ಆಸುಪಾಸು ಸಿಕ್ಕೀತು. ವಾರ್ಡಿಗೆಲ್ಲ ತರಕಾರಿ ಕೊಡುತ್ತೇನೆ ಎಂದವರು ಗುಣಾಕಾರ ಮಾಡಿಲ್ಲ. ಹತ್ತು ಮನೆಗೆ ಪುಂಡಿ, ಮೆಂತ್ಯ, ರಾಜಗಿರಿ, ಕರಿಬೇವು ಸಿಗುತ್ತದೆ ಎಂದರೆ ಅದು ನಿಜದ ಮಾತು. ಸಂಜೆ ಹೊತ್ತು ನಾಲ್ಕು ಜನ ಸೇರಿ ಕಳೆ ಕೀಳುತ್ತಾರೆ, ಹಂದಿ ದೂರವಾಗುತ್ತದೆ. ಅಷ್ಟು ಸಾಕು, ಅದೇನು ಕಡಿಮೆಯಲ್ಲ.

ಕಾನೂನಿನ ಎಚ್ಚರವೂ ಇರಲಿ. 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆ ಪಾರ್ಕಿನ ಜಾಗವನ್ನು ಬೇರೆ ಕೆಲಸಕ್ಕೆ ತಿರುಗಿಸದಂತೆ ತಡೆಯುತ್ತದೆ. ಪಾರ್ಕಿನ ಒಂದು ಮೂಲೆಯಲ್ಲಿ ಮಡಿ ಮಾಡಿ ಗೇಟನ್ನು ಎಲ್ಲರಿಗೂ ತೆರೆದಿಟ್ಟರೆ ಅದು ಪಾರ್ಕೇ. ಕೆಲವೇ ಮನೆಯವರು ಬೇಲಿ ಹಾಕಿ ಬೀಗ ಜಡಿದರೆ ಜನ ಅದನ್ನು ಒತ್ತುವರಿ ಅನ್ನುತ್ತಾರೆ, ಅನ್ನಲೂಬೇಕು. ಪಾಲಿಕೆಯಿಂದ ಬರಹದಲ್ಲಿ ಒಪ್ಪಿಗೆ ಪಡೆಯದೆ ಗುದ್ದಲಿ ಹಾಕಬೇಡಿ.

ಈಗ ನೀರು. ನಮ್ಮ ಊರಿನ ನಲ್ಲಿಗೆ ಬರುವುದು ತುಂಗಭದ್ರೆಯ ಕಾಲುವೆ ನೀರು. ಮೇಲ್ಮಟ್ಟದ ಕಾಲುವೆಯಿಂದ ಅಲ್ಲೀಪುರ ಕೆರೆಗೆ, ಕೆಳಮಟ್ಟದ ಕಾಲುವೆಯಿಂದ ಮೋಕಾ ಕೆರೆಗೆ ತುಂಬಿಸಿಕೊಂಡು ಬೇಸಿಗೆ ದಾಟಬೇಕು. ಕಾಲುವೆ ನಿಂತ ಮೇಲೆ ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ನಿಮಗೇ ಗೊತ್ತು. ಏಪ್ರಿಲ್–ಮೇ ಬಿಸಿಲಿಗೆ ಒಂದು ಗುಂಟೆ ತರಕಾರಿ ದಿನಕ್ಕೆ ಆರೇಳು ನೂರು ಲೀಟರ್ ಕುಡಿಯುತ್ತದೆ. ಐದು ಸಾವಿರ ಲೀಟರಿನ ಟ್ಯಾಂಕರ್ ಒಂದು ವಾರಕ್ಕೆ ಖಾಲಿ. ಕುಡಿಯುವ ನೀರನ್ನು ಮಡಿಗೆ ಬಿಟ್ಟರೆ ಪಕ್ಕದ ಓಣಿಯವರು ಬಿಂದಿಗೆ ಹಿಡಿದು ಜಗಳಕ್ಕೆ ಬರುತ್ತಾರೆ, ಅವರದು ತಪ್ಪೂ ಅಲ್ಲ. ನನ್ನ ಸಲಹೆ: ಜೂನ್‌ನಿಂದ ಫೆಬ್ರುವರಿವರೆಗೆ ಮಾತ್ರ ಸೊಪ್ಪು. ಬೇಸಿಗೆಗೆ ನುಗ್ಗೆ, ಕರಿಬೇವು, ನಿಂಬೆ ಮಾತ್ರ ನಿಲ್ಲಲಿ. ನುಗ್ಗೆಯಲ್ಲಿ ಪಿಕೆಎಂ-1 ತಳಿ ಬೇಗ ಕಾಯಿ ಬಿಡುತ್ತದೆ. ಹನಿ ನೀರಾವರಿ ಮಾಡಿ, ಬುಡಕ್ಕೆ ಭತ್ತದ ಹುಲ್ಲು ಹೊದಿಸಿದರೆ ನೀರಿನ ಖರ್ಚು ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಹುಲ್ಲಿಗೇನು ಬರ, ಭತ್ತ ಬೆಳೆಯುವ ಸಿರುಗುಪ್ಪ ಪಕ್ಕದಲ್ಲೇ ಇದೆ.

ನಕ್ಕ ಆಕಾಂಕ್ಷಿಯನ್ನು ಇನ್ನೊಮ್ಮೆ ಕರೆದು, "ಕುಡಿಯೋ ನೀರಿಗೆ ನೀವೇನು ಮಾಡ್ತೀರಿ?" ಎಂದು ಕೇಳಿ. ಆಗಲೂ ನಕ್ಕರೆ ಅವರನ್ನೂ ಪಟ್ಟಿಯಿಂದ ಬಿಡಿ.

ಪ್ರಶ್ನೆ: ಮನೆ ಹಿಂದಿನ ಚರಂಡಿ ನೀರು ವರ್ಷವಿಡೀ ಹರಿಯುತ್ತದೆ. ಅದನ್ನೇ ಮೋಟಾರು ಹಾಕಿ ಎತ್ತಿ ತೋಟಕ್ಕೆ ಬಿಡಬಹುದಲ್ಲ? ಕೆಲವು ದಿನ ನೀರು ನೀಲಿಯಾಗಿರುತ್ತದೆ.
— ಹೊಲಿಗೆ ಕೆಲಸಗಾರ, ಕೌಲ್ ಬಜಾರ್

ಉತ್ತರ: ಬೇಡ. ನಿಮ್ಮ ಕೊನೆಯ ವಾಕ್ಯವೇ ಉತ್ತರ. ನೀಲಿ ಎಲ್ಲಿಂದ ಬಂತೆಂದು ಜೀನ್ಸ್ ಹೊಲಿಯುವ ಊರಿನವರಿಗೆ ಹೇಳಿಕೊಡಬೇಕಿಲ್ಲ. ಬಟ್ಟೆ ತೊಳೆದ ನೀರಿನಲ್ಲಿ ಬಣ್ಣ, ಬ್ಲೀಚು, ಉಪ್ಪು ಇರುತ್ತವೆ. ನಮ್ಮ ಎರೆ ಮಣ್ಣು ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಎರಡು ಮೂರು ಬೆಳೆಗೆ ಮೇಲೆ ಬಿಳಿ ಪೊರೆ ಕಟ್ಟಿ ಚೌಳಾಗುತ್ತದೆ. ಬರೀ ಮನೆ ಚರಂಡಿ ನೀರಾದರೂ ರೋಗಾಣುಗಳ ಭಯ. ಬೇಯಿಸಿದರೆ ರೋಗಾಣು ಸಾಯುತ್ತವೆ, ಸೊಪ್ಪಿನೊಳಗೆ ಸೇರಿದ ಭಾರಲೋಹ ಹೋಗುವುದಿಲ್ಲ. ಕೊತ್ತಂಬರಿ, ಮೂಲಂಗಿಯನ್ನಂತೂ ನಾವು ಹಸಿಯಾಗಿಯೇ ತಿನ್ನುತ್ತೇವೆ.

ಮಣ್ಣಿನ ಬಗ್ಗೆ ಅನುಮಾನವಿದ್ದರೆ ಹಗರಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ವಿಚಾರಿಸಿ. ಸಾಮಾನ್ಯ ಮಣ್ಣು ಪರೀಕ್ಷೆ ರಸಸಾರ, ಲವಣ, ಸಾರಜನಕ ಇಂಥವನ್ನು ತೋರಿಸುತ್ತದೆ. ಸೀಸ, ಕ್ರೋಮಿಯಂ ನೋಡಬೇಕಾದರೆ ಬೇರೆ ಪರೀಕ್ಷೆ ಬೇಕೆಂದು ಬಾಯಿ ಬಿಟ್ಟೇ ಕೇಳಬೇಕು. ಆಕಾಂಕ್ಷಿಗಳಿಗೆ ಕೇಳಬೇಕಾದದ್ದು ಇನ್ನೊಂದು: ಕೊಳಚೆ ನೀರು ಶುದ್ಧೀಕರಿಸಿದ ಮೇಲೆ ಎಲ್ಲಿಗೆ ಹೋಗುತ್ತದೆ? ಶುದ್ಧೀಕರಿಸಿದ ನೀರು ರಸ್ತೆ ಬದಿ ಮರಕ್ಕೆ, ಪಾರ್ಕಿನ ಹುಲ್ಲಿಗೆ ಸಾಕು. ಅಲ್ಲಿ ಉಳಿದ ಒಳ್ಳೆಯ ನೀರು ಮಡಿಗೆ ಬರಲಿ.

ಪ್ರಶ್ನೆ: ಸರ್ಕಾರಿ ಶಾಲೆಯ ಅಂಗಳದಲ್ಲಿ ತರಕಾರಿ ತೋಟ ಮಾಡಲು ಕಾರ್ಪೊರೇಟರ್ ಅನುಮತಿ ಬೇಕೆ?
— ಶಿಕ್ಷಕಿ, ಬಳ್ಳಾರಿ

ಉತ್ತರ: ಬೇಡ. ಮುಖ್ಯೋಪಾಧ್ಯಾಯರು, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಒಪ್ಪಿದರೆ ಸಾಕು. ಬಿಸಿಯೂಟಕ್ಕೆ ಜೋಡಿಸಿ ಶಾಲಾ ಪೌಷ್ಟಿಕ ತೋಟ ಮಾಡಿ ಎಂದು 2019ರಲ್ಲಿ ಕೇಂದ್ರದ ಮಾರ್ಗಸೂಚಿಯೇ ಬಂದಿದೆ. ಸಮಸ್ಯೆ ಅನುಮತಿಯದ್ದಲ್ಲ, ಏಪ್ರಿಲ್–ಮೇ ರಜೆಯದ್ದು. ನೀರು ಹಾಕುವವರು ಯಾರೆಂದು ಮಾರ್ಚ್‌ನಲ್ಲೇ ಗೊತ್ತುಮಾಡಿಕೊಳ್ಳಿ.

ಪ್ರಶ್ನೆ: ನಾನು ಬುಟ್ಟಿ ಇಟ್ಕೊಂಡು ಸೊಪ್ಪು ಮಾರ್ತೀನಿ. ನನ್ನ ಮಗಳು ಈ ಕಾಗದ ಬರದಾಳ. ಬೆಳಿಗ್ಗೆ ಕುಂತ್ರೆ ಸುಂಕದವ್ರು ಬರ್ತಾರ, ಮಧ್ಯಾಹ್ನ ಎದ್ದು ಹೋಗು ಅಂತಾರ. ತೋಟ ಗೀಟ ನಮಗ್ಯಾಕ? ಕುಂದರಾಕ ಜಾಗ ಕೊಡ್ರಿ ಅಂತ ಎಲೆಕ್ಷನ್‌ಗೆ ನಿಂತವ್ರಿಗೆ ಹೆಂಗ ಕೇಳಬೇಕು?
— ಸೊಪ್ಪಿನ ವ್ಯಾಪಾರಿ, ಕುರುಗೋಡು

ಉತ್ತರ: ಅಮ್ಮಾ, ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ನಿಮ್ಮದೇ ದೊಡ್ಡದು. ಊರಿಗೆ ಸೊಪ್ಪು ತಿನ್ನಿಸುವವರು ನೀವು. ಹತ್ತು ಮನೆಯ ತೋಟ ಹತ್ತು ಮನೆಗಾಯಿತು. ನಿಮ್ಮ ಒಂದು ಬುಟ್ಟಿ ಇಡೀ ಓಣಿಗೆ ಆಗುತ್ತದೆ.

ನಿಮಗಾಗಿ ಒಂದು ಕಾಯ್ದೆ ಇದೆ, 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ. ಮಗಳಿಗೆ ಹೇಳಿ ಇದನ್ನು ಗಟ್ಟಿಯಾಗಿ ಓದಿಸಿ. ಊರಿನಲ್ಲಿರುವ ಬೀದಿ ವ್ಯಾಪಾರಿಗಳೆಲ್ಲರ ಸಮೀಕ್ಷೆ ಆಗಬೇಕು, ಐದು ವರ್ಷಕ್ಕೊಮ್ಮೆಯಾದರೂ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಜಾಗ ಬದಲಿಸಬೇಕೆಂದರೆ 30 ದಿನ ಮುಂಚೆ ನೋಟಿಸು ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿ ಎಂದೊಂದಿರುತ್ತದೆ. ಅದರಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ನಿಮ್ಮವರೇ, ನೀವೇ ಓಟು ಹಾಕಿ ಆರಿಸಿದವರು ಇರಬೇಕು. ಅವರಲ್ಲಿ ಮೂರನೇ ಒಂದು ಪಾಲು ಹೆಣ್ಣುಮಕ್ಕಳು. ನೀವೂ ನಿಲ್ಲಬಹುದು.

ಸುಂಕದ ಮಾತು. ನಮ್ಮ ಕಡೆ ಸಂತೆ ಸುಂಕ ವಸೂಲಿಯನ್ನು ವರ್ಷಕ್ಕೊಮ್ಮೆ ಹರಾಜು ಹಾಕುವ ಪದ್ಧತಿ ಹಲವು ಊರುಗಳಲ್ಲಿದೆ. ಹೆಚ್ಚು ಕೂಗಿದವನಿಗೆ ಗುತ್ತಿಗೆ, ಅವನು ಕೊಟ್ಟ ದುಡ್ಡು ನಿಮ್ಮ ಬುಟ್ಟಿಯಿಂದ ಎತ್ತಬೇಕು. ಆದ್ದರಿಂದ ಓಟು ಕೇಳಲು ಬಂದವರಿಗೆ ಹೀಗೆ ಕೇಳಿ: "ಬುಟ್ಟಿಗೆ ಸುಂಕ ಎಷ್ಟು ಅಂತ ಬೋರ್ಡು ಹಾಕಸ್ತೀರೇನು? ಚೀಟಿ ಕೊಡಸ್ತೀರೇನು? ಸಮಿತಿ ಮೀಟಿಂಗ್ ಯಾವಾಗ?" ಮೂರೇ ಪ್ರಶ್ನೆ. ದುಡ್ಡು ಕೊಟ್ಟ ದಿನ ಚೀಟಿ ಕೇಳಿ ಇಸಿದುಕೊಳ್ಳಿ, ಕೂಡಿಡಿ. ನೀವು ಅಲ್ಲೇ ಕುಂತು ವ್ಯಾಪಾರ ಮಾಡುತ್ತಿದ್ದಿರಿ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ.

ಮೊದಲ ಪತ್ರ ಬರೆದ ಬಡಾವಣೆಯವರಿಗೂ ಒಂದು ಮಾತು. ಪಾರ್ಕಿನ ಗೇಟಿನ ಪಕ್ಕ ಇಂಥ ನಾಲ್ಕು ಜನರಿಗೆ ನೆರಳು, ಕುಡಿಯುವ ನೀರು, ಹತ್ತಿರದಲ್ಲೊಂದು ಶೌಚಾಲಯ ಬೇಕೆಂದು ಕೇಳಿದರೆ ಅದು ನಿಮ್ಮ ಮಡಿಗಿಂತ ದೊಡ್ಡ ಕೆಲಸ. ಬಳ್ಳಾರಿ ಬಿಸಿಲಿಗೆ ಮಧ್ಯಾಹ್ನದೊಳಗೆ ಸೊಪ್ಪು ಬಾಡುತ್ತದೆ, ಮಾರುವವರೂ ಬಾಡುತ್ತಾರೆ.

ಪ್ರಶ್ನೆ: ನಮ್ಮ ಸುತ್ತ ಎತ್ತ ನೋಡಿದರೂ ಭತ್ತ. ಆದರೆ ಟೊಮೆಟೊ, ಬೀನ್ಸ್ ಲಾರಿಯಲ್ಲಿ ಹೊರಗಿನಿಂದ ಬರುತ್ತವೆ. ನಗರಸಭೆಗೆ "ಆಹಾರ ನೀತಿ" ಅಂತ ಒಂದು ಇರಲು ಸಾಧ್ಯವೇ? ಕೇಳಿದರೆ ಜನ ನಗುತ್ತಾರೆ.
— ನಿವೃತ್ತ ಉಪನ್ಯಾಸಕ, ಸಿರುಗುಪ್ಪ

ಉತ್ತರ: ಜನ ನಗುವುದಕ್ಕೆ ಕಾರಣ ಸಂವಿಧಾನದಲ್ಲೇ ಇದೆ. ಪಂಚಾಯಿತಿಗಳ 11ನೇ ಅನುಸೂಚಿಯಲ್ಲಿ ಕೃಷಿಯೂ ಇದೆ, ಸಂತೆಯೂ ಇದೆ, ಪಡಿತರವೂ ಇದೆ. ನಗರಗಳ 12ನೇ ಅನುಸೂಚಿಯಲ್ಲಿ ಈ ಮೂರೂ ಇಲ್ಲ. ಹಳ್ಳಿಯವರು ಬೆಳೆಯುತ್ತಾರೆ, ಪೇಟೆಯವರು ಕೊಂಡು ತಿನ್ನುತ್ತಾರೆ, ಅಷ್ಟೇ ಎಂದು ಪಟ್ಟಿ ಬರೆದವರು ಆಗ ಅಂದುಕೊಂಡಿದ್ದರೋ ಏನೋ. ಪೇಟೆಯ ಬಡವ ಕೊಳ್ಳಲಾರದೆ ಹೋದರೆ ಏನೆಂದು ಆ ಪಟ್ಟಿಯಲ್ಲಿ ಬರೆದಿಲ್ಲ.

ಆದರೂ ಊರಿಗೊಂದು ಆಹಾರ ನೀತಿ ಸಾಧ್ಯ. ಬ್ರೆಜಿಲ್ಲಿನ ಬೆಲೊ ಒರಿಜಾಂಟೆ ನಗರ 1993ರಲ್ಲಿ ಊಟ ನಾಗರಿಕರ ಹಕ್ಕು ಎಂದು ಸಾರಿ ಅದಕ್ಕೇ ಒಂದು ವಿಭಾಗ ತೆರೆಯಿತು. ಸುತ್ತಲಿನ ಸಣ್ಣ ರೈತರು ದಲ್ಲಾಳಿಯಿಲ್ಲದೆ ಮಾರಲು ಊರೊಳಗೆ ಜಾಗ ಕೊಟ್ಟಿತು, ಅಗ್ಗದ ಊಟದ ಮನೆ ನಡೆಸಿತು. ನಗರದ ಬಜೆಟ್ಟಿನಲ್ಲಿ ಇದಕ್ಕೆ ಹೋದದ್ದು ಶೇ 2ಕ್ಕಿಂತ ಕಡಿಮೆ. ದೂರದ ಮಾತಾಯಿತೆನ್ನಿಸಿದರೆ, 2013ರಲ್ಲಿ ಅಮ್ಮ ಉಣವಗಂ ಶುರುಮಾಡಿದ್ದು ಚೆನ್ನೈ ಪಾಲಿಕೆ. ನಮ್ಮಲ್ಲಿ 2017ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನು ಜಿಲ್ಲೆಗಳಿಗೂ ಬಂದಿದೆ. ಅಲ್ಲಿ ಸಾಂಬಾರಿಗೆ ಹಾಕುವ ತರಕಾರಿ ಯಾರ ಹೊಲದ್ದು ಎಂದು ಕೇಳುವ ಹಕ್ಕು ನಿಮ್ಮ ವಾರ್ಡ್ ಸದಸ್ಯರಿಗಿದೆ, ಕೇಳಿದವರನ್ನು ನಾನು ಕಂಡಿಲ್ಲ.

ಸಿರುಗುಪ್ಪದ ರೈತರು ಭತ್ತ ಬಿಟ್ಟು ತರಕಾರಿ ಹಾಕಲಿ ಎಂದು ಉಪದೇಶ ಮಾಡುವವನು ನಾನಲ್ಲ. ಕಾಲುವೆ ಕೊನೆಯ ಹೊಲದಲ್ಲಿ ಯಾವ ನೀರು ನಂಬಿ ಟೊಮೆಟೊ ಹಾಕುವುದು? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ನಿದ್ದೆಗೆಟ್ಟು ಕೂತಿತ್ತು. ಆದರೆ ಬೋರು ಇರುವ, ಊರಂಚಿನ ಅರ್ಧ ಎಕರೆಯವರು ಬದನೆ, ಹೀರೆ, ಬೆಂಡೆ ಬೆಳೆಯುತ್ತಾರೆ. ಅವರಿಗೆ ವಾರಕ್ಕೆರಡು ದಿನ, ಸುಂಕವಿಲ್ಲದೆ, ಬೆಳಿಗ್ಗೆ ಮಾರಿಕೊಳ್ಳಲು ಚಪ್ಪರದಡಿ ಜಾಗ ಕೊಟ್ಟರೆ ನಗರಸಭೆಯ ಆಹಾರ ನೀತಿಯ ಮೊದಲ ಪುಟ ಬರೆದಂತೆ. ದೊಡ್ಡ ಹೆಸರು ಬೇಕಿಲ್ಲ, ರೈತರ ಸಂತೆ ಅಂದರಾಯಿತು.

ಪ್ರಶ್ನೆ: ನಾನೇ ಈ ಸಲ ಪಾಲಿಕೆಗೆ ನಿಲ್ಲಬೇಕೆಂದಿದ್ದೇನೆ. "ಪ್ರತಿ ಓಣಿಗೊಂದು ಸಮುದಾಯ ತೋಟ" ಎಂದು ಕರಪತ್ರದಲ್ಲಿ ಹಾಕಲೇ?
— ಟಿಕೆಟ್ ಆಕಾಂಕ್ಷಿ, ಬಳ್ಳಾರಿ

ಉತ್ತರ: ಹಾಕಬೇಡಿ. ಓಣಿಗೊಂದು ಎಂದರೆ ಒಂದೂ ಆಗುವುದಿಲ್ಲ. ಕಳೆದ ಸಲದ್ದು ನೆನಪಿರಲಿ: 2021ರ ಏಪ್ರಿಲ್‌ನಲ್ಲಿ ಓಟು ಬಿತ್ತು, ಮೇಯರ್ ಆಯ್ಕೆಯಾದದ್ದು 2022ರ ಮಾರ್ಚ್‌ನಲ್ಲಿ. ಗೆದ್ದವರು ಹೆಚ್ಚುಕಮ್ಮಿ ಒಂದು ವರ್ಷ ಸುಮ್ಮನೆ ಕೂತರು. "ಗೆದ್ದ ತಿಂಗಳೊಳಗೆ" ಎಂಬ ಮಾತು ಬಳ್ಳಾರಿಯಲ್ಲಿ ಯಾರೂ ಆಡಬಾರದು.

ಕರಪತ್ರದಲ್ಲಿ ಒಂದೇ ಜಾಗ ಬರೆಯಿರಿ, ಸರ್ವೆ ನಂಬರಿನ ಸಮೇತ. ನೀರು ಎಲ್ಲಿಂದ ಎಂದು ಬರೆಯಿರಿ. ಗೊಬ್ಬರ ವಾರ್ಡಿನ ಹಸಿ ಕಸದಿಂದಲೇ ಆಗಬೇಕು. ಒಣ ಕಸ, ಹಸಿ ಕಸ ಬೇರೆ ಮಾಡಿ ಎಂದು ನಿಯಮಗಳು ಹೇಳಿದರೂ ನಮ್ಮಲ್ಲಿ ಗಾಡಿಗೆ ಬೀಳುವಾಗ ಎರಡೂ ಒಂದಾಗುತ್ತವೆ. ದುಡ್ಡಿಗೂ ದಾರಿಯಿದೆ. ನಗರ ಸ್ಥಳೀಯ ಸಂಸ್ಥೆಗಳು ಮುಕ್ತನಿಧಿಯಲ್ಲಿ ಪರಿಶಿಷ್ಟರಿಗೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ತೆಗೆದಿಡುತ್ತವೆ. ಸೊಪ್ಪು ಮಾರುವವರಿಗೆ ತಳ್ಳುಗಾಡಿ, ನೆರಳಿನ ಕೊಡೆ ಕೊಡಿಸಲು ಈ ಹಣವನ್ನು ಯಾಕೆ ಕೇಳಬಾರದು?

ಇನ್ನೊಂದು. ಮೂರು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರದಲ್ಲಿ ವಾರ್ಡ್ ಸಮಿತಿ ಇರಬೇಕೆಂಬುದು ಸಂವಿಧಾನದ ಮಾತು. ನಮ್ಮ ರಾಜ್ಯದ 2016ರ ನಿಯಮದಂತೆ ನಾಮಕರಣಗೊಂಡ ಹತ್ತು ಸದಸ್ಯರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟರು. ನೀವು ಗೆದ್ದರೆ ನೀವೇ ಅದರ ಅಧ್ಯಕ್ಷರು. ತಿಂಗಳಿಗೊಮ್ಮೆ ಸಭೆ ಕರೆದು ಅದರಲ್ಲಿ ಒಬ್ಬ ಸೊಪ್ಪಿನವರನ್ನು ಕೂರಿಸುತ್ತೇನೆ ಎಂದು ಬರೆಯಿರಿ. ಇದಕ್ಕೆ ಜಾಗವೂ ಬೇಡ, ನೀರೂ ಬೇಡ, ಟೆಂಡರೂ ಬೇಡ. ಹಾಗೆ ಬರೆದ ಕರಪತ್ರದ ಒಂದು ಪ್ರತಿ ನನಗೂ ಕಳಿಸಿ. ನಿಮ್ಮ ವಾರ್ಡಿನ ಓದುಗರು ಅದನ್ನು ಎತ್ತಿಟ್ಟುಕೊಂಡು, ಗೆದ್ದ ಮೇಲೆ ಮೊದಲ ಸಭೆಯ ತಾರೀಖು ಕೇಳಲಿ.