ದುಡಿಮೆ, ಧಾರಣೆ, ದಸ್ತಾವೇಜು

ಮಳೆ ಬಂದು, ಬೆಳೆ ಬಂದು, ರೈತ ಮೈಮುರಿದು ದುಡಿದರೂ ಸಾಲವೇಕೆ ತೀರುವುದಿಲ್ಲ? ಹಣೆಬರಹವೆಂದೋ ಸಾಹುಕಾರನ ದುರಾಸೆಯೆಂದೋ ನಾವು ಹೇಳಿಬಿಡುತ್ತೇವೆ. ಸಮಾಜ ವಿಜ್ಞಾನಗಳು ಇನ್ನೂ ಆಳಕ್ಕೆ ಇಳಿದು ನೋಡುತ್ತವೆ. ಸೊಲ್ಲಾಪುರ ಭಾಗದ ಭಕ್ತರಿಗೆ ಹತ್ತಿರವಾದ ಒಂದು ಉದಾಹರಣೆಯನ್ನು ನೋಡೋಣ.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯೂರಿನಲ್ಲಿ ಸುತ್ತಲಿನ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ಅವರು ಕೇಳಿದ್ದು ಲೆಕ್ಕದ ವಹಿ ಮತ್ತು ಸಾಲಪತ್ರ. ಸಿಕ್ಕವನ್ನು ಸುಟ್ಟರು. ದಂಗೆ ಅಹಮದನಗರ ಜಿಲ್ಲೆಗೂ ಹಬ್ಬಿತು. ಹೀಗಾದದ್ದೇಕೆ?

ಅರ್ಥಶಾಸ್ತ್ರವು ಧಾರಣೆಯನ್ನು ನೋಡುತ್ತದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ, ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಬರುತ್ತಿದ್ದ ಅರಳೆ ತೀರ ಕಡಿಮೆಯಾಯಿತು. ಮುಂಬಯಿಯಲ್ಲಿ ಅರಳೆಯ ಬೆಲೆ ಏರಿತು. ದೊಡ್ಡ ವ್ಯಾಪಾರಿ ಪೇಟೆಯ ಸಾಹುಕಾರನಿಗೆ, ಅವನು ಹಳ್ಳಿಯ ಸಾಹುಕಾರನಿಗೆ, ಅವನು ರೈತನಿಗೆ ಧಾರಾಳವಾಗಿ ಹಣ ಕೊಟ್ಟರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು. ಸಾಲ ಮಾತ್ರ ಉಳಿಯಿತು. ಮೇಲಿನವರು ಕೈ ಬಿಗಿಹಿಡಿದಾಗ ಹಳ್ಳಿಯ ಸಾಹುಕಾರನೂ ವಸೂಲಿಗೆ ನಿಂತನು.

ರಾಜ್ಯಶಾಸ್ತ್ರವು ಸರಕಾರವನ್ನು ನೋಡುತ್ತದೆ. ಬೆಲೆ ಇಳಿಯುತ್ತಿದ್ದಾಗಲೇ ಹೊಸ ಪೈಮಾಶಿ ನಡೆದು ಕಂದಾಯ 50ರಿಂದ 100 ಪ್ರತಿಶತದವರೆಗೆ ಏರಿತು.

ಕಾನೂನಿನ ಅಭ್ಯಾಸ ಇನ್ನೊಂದು ಸಂಗತಿಯನ್ನು ತೋರಿಸುತ್ತದೆ. 1859ರ ಕಾಯದೆಯು ರೈತನ ಹಿತಕ್ಕೆಂದೇ ಸಾಲಪತ್ರಕ್ಕೆ ಮೂರು ವರ್ಷದ ಅವಧಿ ಹಾಕಿತ್ತು. ಆದರೆ ಮೂರು ವರ್ಷಕ್ಕೊಮ್ಮೆ ಹೊಸ ಪತ್ರ ಬರೆಸಿಕೊಂಡು, ಉಳಿದ ಬಡ್ಡಿಯನ್ನು ಅಸಲಿಗೆ ಸೇರಿಸುವ ರೂಢಿ ಬೆಳೆಯಿತು.

ಸಮಾಜಶಾಸ್ತ್ರವು ನಂಬಿಕೆಯನ್ನು ನೋಡುತ್ತದೆ. ಬಡ್ಡಿಯು ಅಸಲನ್ನು ಮೀರಬಾರದೆಂಬ ಹಳೆಯ ಕಟ್ಟಳೆಯಿತ್ತು. ಅದಕ್ಕೆ ದಾಮದುಪ್ಪಟ್ಟು ಎಂದು ಹೆಸರು. ಕೋರ್ಟಿನಲ್ಲಿ ಊರ ಮರ್ಯಾದೆಗಿಂತ ಹೆಬ್ಬೆಟ್ಟೊತ್ತಿದ ಕಾಗದವೇ ದೊಡ್ಡದಾಯಿತು. ರೈತನ ಸಿಟ್ಟು ಕಾಗದದ ಮೇಲೆಯೇ ತಿರುಗಿದ್ದು ಇದರಿಂದ.

ಸರಕಾರ ಆಯೋಗ ನೇಮಿಸಿ ವಿಚಾರಣೆ ಮಾಡಿತು. 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯದೆ ಬಂದಿತು. ಪುಣೆ, ಸಾತಾರಾ, ಅಹಮದನಗರಗಳೊಡನೆ ಸೊಲ್ಲಾಪುರಕ್ಕೂ ಅದು ಅನ್ವಯಿಸಿತು. ಪತ್ರದಲ್ಲಿ ಬರೆದ ಮೊತ್ತಕ್ಕೇ ನಿಲ್ಲದೆ, ವ್ಯವಹಾರದ ಮೊದಲಿನಿಂದ ಲೆಕ್ಕ ತೆಗೆಸಿ ನೋಡುವ ಅಧಿಕಾರ ಕೋರ್ಟಿಗೆ ದೊರೆಯಿತು.

ಕಾಯಕದಿಂದ ಬೆಳೆ ಬರುತ್ತದೆ. ಆ ಬೆಳೆಯ ಹಣ ಯಾರ ಮನೆ ಸೇರಬೇಕೆಂಬುದನ್ನು ಧಾರಣೆ, ಕಂದಾಯ, ಕಾಯದೆ, ನಂಬಿಕೆ ಇವು ಕೂಡಿ ನಿರ್ಧರಿಸುತ್ತವೆ. ಒಂದನ್ನೇ ನೋಡಿದರೆ ಒಬ್ಬನನ್ನೇ ದೂರುತ್ತೇವೆ.

ಮನೆಯಲ್ಲಿ ಚರ್ಚಿಸಲು: ನಮ್ಮ ಮಾಲಿನ ಧಾರಣೆ ಎಲ್ಲಿ ನಿರ್ಧಾರವಾಗುತ್ತದೆ? ಕೊಟ್ಟ, ಕೊಂಡ ಹಣಕ್ಕೆ ಪಾವತಿ ಇದೆಯೇ? ಸಹಿ ಮಾಡುವ ಕಾಗದವನ್ನು ಪೂರ್ತಿ ಓದಿದ್ದೇವೆಯೇ?