ಹಡಗೇರಿ ಬಂದ ಧ್ವನಿಯಂತ್ರ

1902ರಲ್ಲಿ ವಿಮಾನವು ಇನ್ನೂ ಹಾರಿರಲಿಲ್ಲ. ಆ ವರ್ಷ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಣಕಾರರು ಭಾರವಾದ ಯಂತ್ರ, ಉದ್ದನೆಯ ಕಹಳೆ, ದಪ್ಪನೆಯ ಮೇಣದ ತಟ್ಟೆಗಳೊಡನೆ ಹಡಗೇರಿ ಕಲ್ಕತ್ತೆಗೆ ಬಂದರು. ನವೆಂಬರಿನಲ್ಲಿ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯು ಆ ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡಿದರು. ಬಹು ಹೊತ್ತು ರಾಗವನ್ನು ಬೆಳೆಸಬಲ್ಲ ಅವರಿಗೆ ದೊರೆತದ್ದು ಸುಮಾರು ಮೂರು ನಿಮಿಷ ಮಾತ್ರ! ಹಾಡು ಮುಗಿದೊಡನೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳಿದರು. ಏಕೆಂದರೆ ಆ ತಟ್ಟೆಗಳು ಮತ್ತೆ ಕಡಲು ದಾಟಿ ಜರ್ಮನಿಯ ಹ್ಯಾನೋವರ್ ನಗರವನ್ನು ಸೇರಬೇಕಾಗಿತ್ತು. ಹಾಡಿದವರು ಯಾರೆಂಬುದು ಅಲ್ಲಿ ಅಚ್ಚೊತ್ತುವವರಿಗೆ ತಿಳಿಯಬೇಕಾಗಿತ್ತು. ದಾರಿಯಲ್ಲಿ ಮೇಣವು ಬಿರುಕು ಬಿಟ್ಟರೆ ಆ ಹಾಡು ಹೋದಂತೆಯೇ ಸರಿ. ಗೌಹರ್ ಜಾನರ ಹಾಡು ಉಳಿಯಿತು. ಮುದ್ರಿಕೆಯಾಗಿ ತಾಯ್ನಾಡಿಗೆ ಮರಳಿತು. ಅವರು 1928ರಲ್ಲಿ ಮೈಸೂರು ಅರಮನೆಯ ಆಸ್ಥಾನ ಗಾಯಕಿಯಾದರು. 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು.